ನೇಮ್ ಪ್ಲೇಟ್ ಮೇಲಿನ 90–270: ಶಿರಸಿಯ ಒಂದು ಡ್ರೈಯರಿನ ಪ್ರಕರಣ ಅಧ್ಯಯನ

ಶಿರಸಿ ಊರಂಚಿನ ಒಂದು ವರ್ಕ್‌ಶಾಪಿನಲ್ಲಿ ಕರೆಂಟಿನ ಡ್ರೈಯರ್ ತಯಾರಾಗುತ್ತದೆ. ಆಳೆತ್ತರದ ಸ್ಟೀಲ್ ಕಪಾಟು, ಒಳಗೆ ಜಾಲರಿ ಟ್ರೇಗಳು, ತಳದಲ್ಲಿ ಎರಡು ಹೀಟರ್, ಹಿಂದೆ ಒಂದು ಫ್ಯಾನ್, ಬದಿಗೆ ಕಂಟ್ರೋಲ್ ಪೆಟ್ಟಿಗೆ. ಮುರುಗಲು ಹಣ್ಣು ಬೀಳುವ ಹೊತ್ತಿಗೇ ಮಳೆ ಹಿಡಿದುಕೊಳ್ಳುವ ನಮ್ಮ ಕಡೆ ಇಂಥ ಕಪಾಟಿಗೆ ಗಿರಾಕಿ ಹುಡುಕಬೇಕಾಗಿಲ್ಲ. ಮುರುಗಲು ಸಿಪ್ಪೆ, ಬಾಳೆಹಣ್ಣು, ಹಲಸಿನ ಸೊಳೆ, ಮಳೆಗೆ ಸಿಕ್ಕಿದ ಅಡಿಕೆ, ಎಲ್ಲಕ್ಕೂ ಆಗುತ್ತದೆ. ಇಷ್ಟು ದಿನ ಬಾಯಿಮಾತಿನಲ್ಲೇ ವ್ಯಾಪಾರ ನಡೆದಿತ್ತು. ಕುಮಟಾ ಕಡೆಯ ಒಂದು ಗುಂಪು ಒಟ್ಟಿಗೆ ಕೆಲವು ಡ್ರೈಯರ್ ಕೊಳ್ಳಲು ಮುಂದೆ ಬಂದು, ಐಎಸ್ 302 ಪ್ರಕಾರದ ಪರೀಕ್ಷಾ ವರದಿ ಬೇಕು ಎಂದು ಕೇಳಿದಾಗ ವಿಷಯ ಬೇರೆ ದಾರಿ ಹಿಡಿಯಿತು.

ನನ್ನನ್ನು ಕರೆಯುವಷ್ಟರಲ್ಲಿ ಅರ್ಜಿ ಹೋಗಿ, ಲ್ಯಾಬಿನಿಂದ ಪ್ರಶ್ನೆಯೂ ಬಂದಾಗಿತ್ತು. ಯಂತ್ರವನ್ನು ಅವರು ಇನ್ನೂ ಪ್ಲಗ್ಗಿಗೇ ಹಾಕಿರಲಿಲ್ಲ. ನೇಮ್ ಪ್ಲೇಟ್ ಫೋಟೊ ನೋಡಿಯೇ ತಡೆದಿದ್ದರು. ಪ್ಲೇಟಿನಲ್ಲಿ ಇದ್ದದ್ದು ಇಷ್ಟು: ಇನ್‌ಪುಟ್ 90–270 ವೋಲ್ಟ್ ಎಸಿ, 50 ಹರ್ಟ್ಸ್, 2000 ವ್ಯಾಟ್.

ತಕರಾರು ಸರಳವಾದದ್ದು. ಐಎಸ್ 302ರ ಮೊದಲ ಭಾಗ ಮನೆಬಳಕೆ ಮತ್ತು ಅದಕ್ಕೆ ಹೋಲುವ ಬಳಕೆಯ ವಿದ್ಯುತ್ ಉಪಕರಣಗಳ ಸುರಕ್ಷತೆಯ ಭಾರತೀಯ ಮಾನಕ. ಅಂತರರಾಷ್ಟ್ರೀಯ ಐಇಸಿ 60335-1ರ ಜಾಡಿನಲ್ಲೇ ನಡೆಯುವಂಥದ್ದು. ಸಿಂಗಲ್ ಫೇಸ್ ಉಪಕರಣದ ರೇಟೆಡ್ ವೋಲ್ಟೇಜ್ (ತಯಾರಕರು ಘೋಷಿಸಿದ ವೋಲ್ಟೇಜ್) 250 ಮೀರಬಾರದು, ಉಳಿದವುಗಳದ್ದು 480 ಮೀರಬಾರದು ಎಂದು ಅದರ ವ್ಯಾಪ್ತಿಯನ್ನು ಹೇಳುವ ಕಲಮಿನಲ್ಲೇ ಇದೆ. 270 ಎಂದು ಬರೆದ ಕ್ಷಣಕ್ಕೆ ಈ ಡ್ರೈಯರ್ ಆ ಮಾನಕದ ಹೊರಗೆ ಹೋಗಿಬಿಟ್ಟಿತು. ಇನ್ನು ಪರೀಕ್ಷೆ ಮಾಡುವುದು ಯಾವುದರ ಪ್ರಕಾರ?

ಮಾಲೀಕರಿಗೆ ಇದು ವಿಚಿತ್ರವಾಗಿ ಕಂಡಿತು. "ಎಂತ ಮಾರಾಯ್ರೆ, ಜಾಸ್ತಿ ತಡ್ಕೊಳ್ತದೆ ಅಂತ ಬರೆದ್ರೆ ಒಳ್ಳೇದೇ ಅಲ್ವಾ? ಕಮ್ಮಿ ಬರೆದಿದ್ರೆ ಬೈಬೇಕಿತ್ತು" ಅಂದರು. ಹತ್ತಾರು ವರ್ಕ್‌ಶಾಪುಗಳಲ್ಲಿ ಇದೇ ಮಾತನ್ನು ಕೇಳಿದ್ದೇನೆ. ಹಾಗೆ ಯೋಚಿಸುವುದರಲ್ಲಿ ಮೋಸವೇನೂ ಇಲ್ಲ. ತಮ್ಮ ಕೈಯಲ್ಲಿ ಆದ ಯಂತ್ರ ಗಟ್ಟಿ ಎಂಬ ಹೆಮ್ಮೆ, ಅಷ್ಟೆ.

ಆ ಅಂಕಿ ಬಂದದ್ದು ಎಲ್ಲಿಂದ

ಕಂಟ್ರೋಲ್ ಪೆಟ್ಟಿಗೆಯ ಬಾಗಿಲು ತೆಗೆದರೆ ಉತ್ತರ ಎದುರಿಗೇ ಇತ್ತು. ಉಷ್ಣತೆ ತೋರಿಸುವ ಡಿಜಿಟಲ್ ಕಂಟ್ರೋಲರಿನ ಬದಿಯ ಸ್ಟಿಕ್ಕರಿನಲ್ಲಿ "90–270 ವೋಲ್ಟ್ ಎಸಿ" ಎಂದಿತ್ತು. ಪ್ಲೇಟ್ ಕೊರೆಸುವಾಗ ಅದನ್ನೇ ನೋಡಿ ಬರೆಸಿದ್ದರು.

ಕಂಟ್ರೋಲರಿನ ಮಟ್ಟಿಗೆ ಆ ಮಾತು ನಿಜ. ಅದರೊಳಗೆ ಇರುವುದು ಸ್ವಿಚ್ ಮೋಡ್ ಪವರ್ ಸಪ್ಲೈ. ಬರುವ ವೋಲ್ಟೇಜ್ ಇಷ್ಟು ಅಗಲದಲ್ಲಿ ಏರಿಳಿದರೂ ಒಳಗಿನ ಚಿಪ್ಪುಗಳಿಗೆ ಬೇಕಾದ ಕೆಲವೇ ವೋಲ್ಟನ್ನು ಒಂದೇ ಸಮ ಕೊಡುತ್ತದೆ. ಹೀಟರಿಗೆ ಆ ಜಾಣ್ಮೆ ಇಲ್ಲ. ಅದೊಂದು ತಂತಿ. ವೋಲ್ಟೇಜಿನ ವರ್ಗಕ್ಕೆ, ಅಂದರೆ ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ, ಸರಿಯಾಗಿ ಅದರ ಶಾಖ ಏರುತ್ತದೆ, ಇಳಿಯುತ್ತದೆ. ಇಡೀ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ತಡೆದುಕೊಳ್ಳುವ ಬಿಡಿಭಾಗದ ಅಂಕಿಯನ್ನು ತಂದು ಇಡೀ ಯಂತ್ರದ ಹಣೆಗೆ ಹಚ್ಚಿದಂತಾಗಿತ್ತು.

ಪೆಟ್ಟಿಗೆಯಲ್ಲಿ ಬೇರೆ ಅಂಕಿಗಳೂ ಇದ್ದವು, ಒಂದೊಂದನ್ನೂ ತೋರಿಸಿ ಮಾಲೀಕರು ವಾದ ಮಾಡಿದರು. ವೈರಿನ ಮೇಲೆ 1100 ವೋಲ್ಟ್. ಅದು ಆ ವೈರಿನ ಪಿವಿಸಿ ಹೊದಿಕೆ ಎಷ್ಟು ವೋಲ್ಟೇಜಿನ ವ್ಯವಸ್ಥೆಗೆ ಸಲ್ಲುತ್ತದೆ ಎಂಬ ಮಾತು, ವೈರಿನ ತುದಿಗೆ ಕಟ್ಟಿದ ಹೀಟರಿಗೂ ಅದಕ್ಕೂ ಸಂಬಂಧವಿಲ್ಲ. ಫ್ಯಾನಿನ ಕೆಪಾಸಿಟರ್ ಮೇಲೆ 440. ಕೆಪಾಸಿಟರ್ ಮೋಟರಿನ ಎರಡನೇ ಸುರುಳಿಯೊಡನೆ ಸರಣಿಯಲ್ಲಿ ಕೂರುತ್ತದೆ. 230 ಕೊಟ್ಟರೂ ಅದರ ಎರಡು ತುದಿಗಳ ನಡುವೆ ಅದಕ್ಕಿಂತ ಹೆಚ್ಚು ಏಳುತ್ತದೆ, ಅದಕ್ಕೇ 440ರದ್ದು ಹಾಕುತ್ತಾರೆ. ಎಂಸಿಬಿ ಮೇಲೆ 240/415. ಅದು ಸಿಂಗಲ್ ಫೇಸಿಗೂ ತ್ರೀ ಫೇಸಿಗೂ ಬರುತ್ತದೆಂಬ ಗುರುತು. ಸ್ವಿಚ್ಚಿನ ಮೇಲೆ 250. ಪ್ರತಿ ಅಂಕಿಯೂ ತನ್ನ ಜಾಗದಲ್ಲಿ ಸರಿಯೇ. ಇವುಗಳಲ್ಲಿ ಯಾವುದೂ ಡ್ರೈಯರಿನ ರೇಟೆಡ್ ವೋಲ್ಟೇಜ್ ಅಲ್ಲ.

ಕೊನೆಗೆ ಒಂದು ಗಟ್ಟಿ ಪ್ರಶ್ನೆ ಬಂತು: "ನಾವು ಮಾಡಿದ್ದಕ್ಕೆಲ್ಲ 1250 ವೋಲ್ಟ್ ಹೈ ವೋಲ್ಟೇಜ್ ಟೆಸ್ಟ್ ಮಾಡಿಯೇ ಕಳಿಸೋದು. ಅದನ್ನೇ ತಡೆದ ಮೇಲೆ 270 ಯಾವ ಲೆಕ್ಕ?" ಆ ಟೆಸ್ಟಿನಲ್ಲಿ 1250 ವೋಲ್ಟ್ ಬೀಳುವುದು ಕರೆಂಟಿನ ಭಾಗಕ್ಕೂ ಸ್ಟೀಲ್ ಮೈಗೂ ನಡುವೆ, ಅದೂ ಒಂದು ನಿಮಿಷ. ನಡುವಿನ ಇನ್ಸುಲೇಶನ್ ಹರಿಯಲಿಲ್ಲ ಎಂದಷ್ಟೇ ಅದರಿಂದ ತಿಳಿಯುವುದು. ಹೀಟರಿನ ಎರಡು ತುದಿಗಳ ನಡುವೆ ಆ ವೋಲ್ಟೇಜ್ ಬೀಳುವುದೇ ಇಲ್ಲ. ಇಡೀ ರಾತ್ರಿ 270ರಲ್ಲಿ ಓಡಿದರೆ ಕಪಾಟಿನ ಹಿಂಬದಿ ಎಷ್ಟು ಕಾಯುತ್ತದೆ ಎಂಬುದನ್ನು ಆ ಒಂದು ನಿಮಿಷ ಹೇಳಲಾರದು.

ಬರೆದ ಅಂಕಿಯಿಂದ ಲ್ಯಾಬು ಮಾಡುವ ಲೆಕ್ಕ

ರೇಟೆಡ್ ವೋಲ್ಟೇಜ್ ಎಂದರೆ ತಯಾರಕರೇ ತಮ್ಮ ಉಪಕರಣಕ್ಕೆ ಗೊತ್ತುಪಡಿಸಿ ಘೋಷಿಸುವ ವೋಲ್ಟೇಜ್. ಅದನ್ನು ಬೇರೆ ಯಾರೂ ಹೇರುವುದಿಲ್ಲ. ಆದರೆ ಒಮ್ಮೆ ಘೋಷಿಸಿದ ಮೇಲೆ ಲ್ಯಾಬಿನ ಅಳತೆಯೆಲ್ಲ ಅಲ್ಲಿಂದಲೇ ಹೊರಡುತ್ತದೆ: ಎಷ್ಟು ವೋಲ್ಟ್ ಕೊಟ್ಟು ಕಾಯಿಸಬೇಕು, ಎಷ್ಟು ವ್ಯಾಟ್ ಎಳೆಯಬೇಕು, ಟರ್ಮಿನಲ್‌ಗಳ ನಡುವೆ ಎಷ್ಟು ಅಂತರ ಇರಬೇಕು. "ಇಷ್ಟರಿಂದ ಇಷ್ಟರವರೆಗೆ ಕೆಲಸ ಮಾಡುತ್ತದೆ" ಎಂದು ಬ್ರೋಷರಿನಲ್ಲಿ ಬರೆಯುವ ಸ್ಪೆಸಿಫಿಕೇಶನ್ ಹಾಗಲ್ಲ. ಅದು ಗಿರಾಕಿಗೆ ಕೊಡುವ ಮಾತು. ತಪ್ಪಿದರೆ ಗಿರಾಕಿ ಕೇಳುತ್ತಾನೆ. ಪ್ಲೇಟಿನ ಅಂಕಿಯನ್ನು ಮಾತ್ರ ಲ್ಯಾಬು ಅಕ್ಷರಶಃ ಹಿಡಿದುಕೊಳ್ಳುತ್ತದೆ.

ಡ್ರೈಯರಿನಲ್ಲಿ ಹೀಟರೂ ಇದೆ, ಮೋಟರೂ ಇದೆ. ಇಂಥ ಸಂಯುಕ್ತ ಉಪಕರಣವನ್ನು ಕಾಯಿಸುವ ಪರೀಕ್ಷೆಯಲ್ಲಿ ರೇಟೆಡ್ ವೋಲ್ಟೇಜಿನ 0.94 ಪಟ್ಟಿನಿಂದ 1.06 ಪಟ್ಟಿನ ನಡುವೆ ಯಾವುದರಲ್ಲಿ ಯಂತ್ರಕ್ಕೆ ಹೆಚ್ಚು ಕಷ್ಟವೋ ಅದರಲ್ಲಿ ಓಡಿಸಬೇಕು. ಒಂದೇ ಅಂಕಿಯ ಬದಲು ಶ್ರೇಣಿ ಬರೆದಿದ್ದರೆ 0.94 ಕೆಳಗಿನ ಅಂಚಿಗೆ ಬೀಳುತ್ತದೆ, 1.06 ಮೇಲಿನ ಅಂಚಿಗೆ. ಅಂದರೆ, 250ರ ಮಿತಿಯನ್ನು ಬದಿಗಿಟ್ಟರೂ, 90–270 ಎಂದು ಬರೆದವರ ಯಂತ್ರ 84.6 ವೋಲ್ಟಿನಲ್ಲೂ 286.2 ವೋಲ್ಟಿನಲ್ಲೂ ಪಾಸಾಗಬೇಕು.

ಹೀಟರುಗಳ ಮೇಲೆ ಒತ್ತಿದ್ದು "240 ವೋಲ್ಟ್, 1000 ವ್ಯಾಟ್", ಅಂಥವು ಎರಡು. 286.2 ವೋಲ್ಟ್ ಕೊಟ್ಟರೆ ಎರಡೂ ಸೇರಿ ಸುಮಾರು 2844 ವ್ಯಾಟ್ ಕಾರುತ್ತವೆ. 84.6ರಲ್ಲಿ ಸುಮಾರು 249 ವ್ಯಾಟ್. ಅಷ್ಟರಲ್ಲಿ ಮುರುಗಲು ಸಿಪ್ಪೆ ಒಣಗುವ ಬದಲು ಬೂಷ್ಟು ಹಿಡಿಯುತ್ತದೆ. ಇನ್ನೊಂದು ತಮಾಷೆ: ಶ್ರೇಣಿಯ ಎರಡು ಅಂಚುಗಳ ಅಂತರ ಅವುಗಳ ಸರಾಸರಿಯ ಶೇ. 10ಕ್ಕಿಂತ ಹೆಚ್ಚಿದ್ದರೆ ಎರಡೂ ಅಂಚಿನ ಪವರನ್ನು ಪ್ಲೇಟಿನಲ್ಲೇ ತೋರಿಸಬೇಕು. ಪ್ರಾಮಾಣಿಕವಾಗಿ ಬರೆದರೆ ಹೀಟರಿನ ಪಾಲೇ "281 ವ್ಯಾಟಿನಿಂದ 2531 ವ್ಯಾಟ್" ಎಂದಾಗುತ್ತಿತ್ತು. ಅದನ್ನು ಓದಿದ ಯಾವ ಗಿರಾಕಿ ಡ್ರೈಯರ್ ಕೊಂಡಾನು?

ಅಂತರದ ವಿಷಯ ಇದಕ್ಕಿಂತ ಗಂಭೀರ. ಕರೆಂಟ್ ಇರುವ ಟರ್ಮಿನಲ್‌ನಿಂದ ಅರ್ಥ್ ಆದ ಲೋಹದವರೆಗೆ, ಇನ್ಸುಲೇಶನ್ನಿನ ಮೇಲ್ಮೈ ಗುಂಟ ಅಳೆದ ದೂರಕ್ಕೆ ಕ್ರೀಪೇಜ್ ಎನ್ನುತ್ತಾರೆ. ತೇವ, ದೂಳು ಕೂತಾಗ ಕರೆಂಟ್ ಹರಿಯುವುದು ಆ ಮೇಲ್ಮೈ ಮೇಲೆಯೇ. ಮಾನಕದ ಕೋಷ್ಟಕದಲ್ಲಿ 125ರಿಂದ 250 ವೋಲ್ಟಿನವರೆಗೆ ಒಂದು ಸಾಲು, 250 ದಾಟಿ 400ರವರೆಗೆ ಮುಂದಿನ ಸಾಲು. ತೇವದ ಗಾಳಿ ಆಡುವ ಜಾಗಕ್ಕೆ, ಸಾಮಾನ್ಯ ಪ್ಲಾಸ್ಟಿಕ್ಕಿನ ಟರ್ಮಿನಲ್ ಬ್ಲಾಕಿಗೆ, ಮೊದಲ ಸಾಲಿನಲ್ಲಿ 4 ಮಿ.ಮೀ. ಸಾಕು, ಎರಡನೆಯದರಲ್ಲಿ 6.3 ಮಿ.ಮೀ. ಬೇಕು. ಒದ್ದೆ ಹಣ್ಣಿನ ಹಬೆ ತುಂಬಿದ ಕಪಾಟಿನ ಹಿಂದೆಯೇ ಇವರ ಟರ್ಮಿನಲ್ ಬ್ಲಾಕ್ ಕೂತಿತ್ತು. ಅಳೆದರೆ ಐದು ಮಿ.ಮೀ. ಆಸುಪಾಸು. 230 ಎಂದು ಬರೆದರೆ ಪಾಸು, 270 ಎಂದು ಬರೆದರೆ ಫೇಲು. ಯಂತ್ರದ ಒಂದು ಸ್ಕ್ರೂ ಕೂಡ ಬದಲಾಗಿಲ್ಲ, ಬದಲಾಗಿದ್ದು ಮಾಲೀಕರು ಕೊಟ್ಟ ಮಾತು.

"160 ಆದರೂ ಇರಲಿ"

270ನ್ನು ಬಿಡಲು ಮಾಲೀಕರು ಒಪ್ಪಿದರು. ಕೆಳಗಿನ ತುದಿಯನ್ನು ಬಿಡಲು ಮಾತ್ರ ತಯಾರಿರಲಿಲ್ಲ. 160–250 ಎಂದು ಹಾಕೋಣ ಎಂದು ಹಟ ಹಿಡಿದರು. ಅವರ ಹಟಕ್ಕೆ ಕಾರಣ ಇತ್ತು, ಅದನ್ನು ತಳ್ಳಿಹಾಕಲು ನನಗೂ ಮನಸ್ಸಿರಲಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳನ್ನು ನೋಡಿದವರಿಗೆ ಗೊತ್ತು. ಟ್ರಾನ್ಸ್‌ಫಾರ್ಮರ್ ರಸ್ತೆ ಬದಿಗೆ, ಮನೆ ಕಣಿವೆಯ ಕೆಳಗೆ, ನಡುವೆ ಬೆಟ್ಟ ಇಳಿದು ತೋಟ ದಾಟಿ ಹೋಗುವ ಉದ್ದನೆಯ ಲೈನು. ಸಂಜೆ ಎಲ್ಲರ ಮನೆಯಲ್ಲೂ ದೀಪ, ಪಂಪು, ಮಿಕ್ಸಿ ಶುರುವಾದರೆ ಲೈನಿನ ಕೊನೆಯ ಮನೆಗೆ ಉಳಿದಷ್ಟೇ ಗತಿ. ನಡುರಾತ್ರಿ ಲೋಡು ಇಳಿದಾಗ ವೋಲ್ಟೇಜ್ ಮತ್ತೆ ಏರುತ್ತದೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ಇಂಥ ಸಂಪರ್ಕಕ್ಕೆ ಬಿಟ್ಟದ್ದು ಶೇ. 6ರಷ್ಟು ಏರಿಳಿತ; 230ರ ಲೆಕ್ಕದಲ್ಲಿ 216ರಿಂದ 244. ಲೈನಿನ ಕೊನೆಯ ಮನೆಯ ಮೀಟರ್ ಅದನ್ನೆಲ್ಲ ಓದಿಕೊಂಡು ಬಂದಿರುವುದಿಲ್ಲ. ಹಾಗಾಗಿ "ಲೋ ವೋಲ್ಟೇಜಲ್ಲೂ ಓಡ್ತದಾ?" ಎಂಬುದೇ ಇಲ್ಲಿಯ ಗಿರಾಕಿ ಕೇಳುವ ಮೊದಲ ಪ್ರಶ್ನೆ. ಹೌದು ಎಂದವನಿಗೆ ಆರ್ಡರ್.

ವರ್ಕ್‌ಶಾಪಿಗೇ ಒಂದು ವೇರಿಯಾಕ್ ತರಿಸಿ ಡ್ರೈಯರಿಗೆ ಕಟ್ಟಿದೆವು. ವೋಲ್ಟೇಜನ್ನು ಬೇಕಾದ ಹಾಗೆ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್ ಅದು, ಇಂಥ ವಾದ ಮುಗಿಸಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಪ್ರತಿ ಸಲವೂ ಯಂತ್ರ ಆಫ್ ಮಾಡಿ, ವೋಲ್ಟೇಜ್ ಇಳಿಸಿ, ಮತ್ತೆ ಆನ್ ಮಾಡುವುದು. 200ರಲ್ಲಿ ಕಾಂಟ್ಯಾಕ್ಟರ್ (ಹೀಟರಿಗೆ ಕರೆಂಟ್ ಬಿಡುವ, ವಿದ್ಯುತ್ಕಾಂತದಿಂದ ಓಡುವ ಸ್ವಿಚ್) ಟಪ್ಪೆಂದು ಕೂತಿತು. 190ಕ್ಕಿಂತ ಕೆಳಗೆ ಬರುತ್ತಿದ್ದಂತೆ ಗುಂಯ್‌ಗುಟ್ಟಿತು. ಅರ್ಧ ಎಳೆದುಕೊಳ್ಳುವುದು, ಬಿಡುವುದು. 160ರಲ್ಲಿ ಸುಮ್ಮನೆ ನಡುಗಿತು. ಡಿಜಿಟಲ್ ಕಂಟ್ರೋಲರ್ ಮಾತ್ರ ತನಗೆ ಏನೂ ಆಗಿಲ್ಲವೆಂಬಂತೆ ಉಷ್ಣತೆ ತೋರಿಸುತ್ತಲೇ ಇತ್ತು.

ಕಾಂಟ್ಯಾಕ್ಟರಿನ ತಪ್ಪೇನೂ ಇಲ್ಲ. ಅದನ್ನು ಎಳೆಯುವ ಸುರುಳಿ, ಅಂದರೆ ಕಾಯಿಲ್, 230 ವೋಲ್ಟಿನದು. ಆ ಜಾತಿಯ ಸಾಮಾನಿನ ಮಾನಕ ಕೇಳುವುದು ಕಾಯಿಲ್ ವೋಲ್ಟೇಜಿನ ಶೇ. 85ರಿಂದ 110ರ ನಡುವೆ ಸರಿಯಾಗಿ ಎಳೆದುಕೊಳ್ಳಬೇಕು ಎಂದು. ಲೆಕ್ಕ ಹಾಕಿದರೆ 195.5ರಿಂದ 253. ಪ್ಲೇಟಿನಲ್ಲಿ 160 ಎಂದಿದ್ದರೆ ಲ್ಯಾಬು 150.4ರವರೆಗೆ ಇಳಿಸುತ್ತಿತ್ತು. ಅಲ್ಲಿ ಫ್ಯಾನ್ ಮೋಟರಿನ ತಿರುಚುಬಲವೂ 230ರಲ್ಲಿ ಇದ್ದದ್ದರ ಅರ್ಧಕ್ಕಿಂತ ಕಡಿಮೆ.

ಲೋ ವೋಲ್ಟೇಜ್ ಅಂದರೆ ಒಣಗುವುದು ತಡವಾಗುತ್ತದೆ ಅಷ್ಟೇ, ಅಪಾಯ ಏನಿದ್ದರೂ ಹೈ ವೋಲ್ಟೇಜಿನಲ್ಲಿ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಈ ಪ್ರಕರಣದಲ್ಲಿ ನನಗೆ ಹೆಚ್ಚು ಹೆದರಿಕೆಯಾದದ್ದು ಕೆಳಗಿನ ತುದಿಯದ್ದೇ. ಕಾಂಟ್ಯಾಕ್ಟರ್ ಟಕಟಕ ಎನ್ನುವಾಗ ಅದರ ಬಿಂದುಗಳ ನಡುವೆ ಪ್ರತಿ ಸಲ ಕಿಡಿ ಹಾರುತ್ತದೆ. ಹಾರಿ ಹಾರಿ ಒಂದು ದಿನ ಅವು ಒಂದಕ್ಕೊಂದು ಬೆಸೆದುಕೊಂಡು ನಿಲ್ಲುತ್ತವೆ. ಆಮೇಲೆ ಕಂಟ್ರೋಲರ್ "ಸಾಕು" ಎಂದರೂ ಹೀಟರ್ ಆರುವುದಿಲ್ಲ. ನಡುರಾತ್ರಿ ವೋಲ್ಟೇಜ್ ಏರುತ್ತದೆ, ಮನೆಯವರು ಮಲಗಿರುತ್ತಾರೆ, ಕಪಾಟನ್ನು ಕಾಯುವುದು, ಮಿತಿಮೀರಿ ಬಿಸಿಯಾದರೆ ಕರೆಂಟ್ ಕಡಿಯುವ ಒಂದು ಥರ್ಮಲ್ ಕಟ್-ಔಟ್ ಮಾತ್ರ.

ವೇರಿಯಾಕಿನಲ್ಲಿ ಕಾಣದ ಇನ್ನೊಂದು ಸುಳಿಯೂ ಇದೆ. ಮನೆಯ ಲೈನಿನ ಒಟ್ಟು ಪ್ರತಿರೋಧ ಎರಡು ಓಮ್ ಇದೆ ಎನ್ನಿ. ಎರಡೂ ಹೀಟರ್ ಸೇರಿ ಎಂಟು ಆಂಪಿಯರ್ ಎಳೆದರೆ ಡ್ರೈಯರ್ ತಾನೇ 16 ವೋಲ್ಟ್ ಇಳಿಸಿಕೊಳ್ಳುತ್ತದೆ. ಕಾಂಟ್ಯಾಕ್ಟರ್ ಕೂತಿತು, ಲೋಡು ಬಿತ್ತು, ವೋಲ್ಟೇಜ್ ಇಳಿಯಿತು, ಕಾಂಟ್ಯಾಕ್ಟರ್ ಬಿಟ್ಟಿತು. ಲೋಡು ಹೋಯಿತು, ವೋಲ್ಟೇಜ್ ಏರಿತು, ಮತ್ತೆ ಕೂತಿತು. ಇದನ್ನು ವಿವರಿಸಿದಾಗ ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಿದ್ದಾಪುರದ ಕಡೆಯ ಒಂದು ಮನೆಯಿಂದ "ಮಷಿನ್ ತಾಳ ಹಾಕ್ತದೆ" ಎಂದು ಫೋನ್ ಬಂದಿದ್ದನ್ನು ಹೇಳಿದರು.

ಕಡೆಗೆ ಪ್ಲೇಟಿನಲ್ಲಿ ಬರೆದದ್ದು

230 ವೋಲ್ಟ್, ಎಸಿ ಗುರುತು, 50 ಹರ್ಟ್ಸ್, 1900 ವ್ಯಾಟ್. ಅಷ್ಟೇ.

ಪವರಿನ ಅಂಕಿಯನ್ನೂ ಏಕೆ ಇಳಿಸಿದೆವು ಎಂದರೆ, 240 ವೋಲ್ಟಿಗೆ 2000 ವ್ಯಾಟ್ ಆಗುವ ಹೀಟರುಗಳು 230ರಲ್ಲಿ ಕೊಡುವುದು ಸುಮಾರು 1837. ಫ್ಯಾನಿನದು 75 ಸೇರಿಸಿದರೆ 1912. ಇಂಥ ಉಪಕರಣಕ್ಕೆ ರೇಟೆಡ್ ಪವರಿಗಿಂತ ಶೇ. 5 ಹೆಚ್ಚು, ಶೇ. 10 ಕಡಿಮೆ ಬಂದರೂ ನಡೆಯುತ್ತದೆ. ಹಾಗಾಗಿ 2000 ಎಂದೇ ಬಿಟ್ಟಿದ್ದರೂ ಪಾಸಾಗುತ್ತಿತ್ತು. ಆದರೆ ಮುಂದಿನ ಲಾಟಿನ ಹೀಟರ್ ಸ್ವಲ್ಪ ದುರ್ಬಲವಾಗಿ ಬಂದರೆ ಅಂಚಿಗೆ ಬಂದು ನಿಲ್ಲುತ್ತಿತ್ತು. 1900 ಅಳತೆಗೆ ಹತ್ತಿರ.

220–240 ಎಂದು ಬರೆಯಬಹುದಿತ್ತು, ಹಲವರು ಹಾಗೆ ಬರೆಯುತ್ತಾರೆ, ತಪ್ಪಿಲ್ಲ. ನಡುವೆ ಅಡ್ಡಗೆರೆ ಇರಬೇಕು ಅಷ್ಟೆ. ಓರೆಗೆರೆ ಹಾಕಿ 220/240 ಎಂದರೆ ಎರಡು ಬೇರೆ ಬೇರೆ ವೋಲ್ಟೇಜು, ಯಾವುದೆಂದು ಸ್ವಿಚ್ಚಿನಿಂದಲೋ ಜೋಡಣೆಯಿಂದಲೋ ಆರಿಸಿಕೊಳ್ಳಬೇಕು ಎಂದಾಗುತ್ತದೆ. ಬ್ರೋಷರಿನ ಒಂದು ಕರಡಿನಲ್ಲಿ ಓರೆಗೆರೆಯೇ ಇತ್ತು, ತೆಗೆಸಿದೆ.

ಲೋ ವೋಲ್ಟೇಜಿನ ಪ್ರಶ್ನೆಗೆ ಉತ್ತರ ಪ್ಲೇಟಿನಲ್ಲಿ ಸಿಗುವಂಥದ್ದಲ್ಲ, ಪೆಟ್ಟಿಗೆಯೊಳಗೆ ಕೊಡಬೇಕಾಗಿತ್ತು. ವೋಲ್ಟೇಜನ್ನು ಸದಾ ನೋಡುತ್ತಿರುವ ಒಂದು ರಿಲೇ ಸೇರಿಸಿದೆವು. 200ರ ಕೆಳಗೆ ಅಥವಾ 253ರ ಮೇಲೆ ಹೋದರೆ ಕಾಂಟ್ಯಾಕ್ಟರಿಗೆ ಕರೆಂಟನ್ನೇ ಬಿಡುವುದಿಲ್ಲ. ಸರಿಹೋದ ಮೇಲೂ ಎರಡು ನಿಮಿಷ ಕಾದು ನಂತರ ಬಿಡುತ್ತದೆ. ತಾಳ ಹಾಕುವುದು ನಿಂತಿತು. ಇನ್ನೊಂದು ಉಪಾಯ ಮಾಲೀಕರದ್ದೇ: ಎರಡು ಹೀಟರಿಗೂ ಬೇರೆ ಬೇರೆ ಸ್ವಿಚ್. ದುರ್ಬಲ ಲೈನಿನ ಮನೆಯವರು ಸಂಜೆ ಹೊತ್ತು ಒಂದನ್ನೇ ಓಡಿಸಿದರೆ ಎಳೆಯುವ ಕರೆಂಟೂ ಅರ್ಧ, ಲೈನಿನಲ್ಲಿ ಇಳಿಯುವ ವೋಲ್ಟೇಜೂ ಅರ್ಧ. ಒಣಗಲು ಹೊತ್ತು ಹಿಡಿಯುತ್ತದೆ, ಆದರೆ ಒಣಗುತ್ತದೆ. ಇಷ್ಟು ಖರ್ಚಿಲ್ಲದ ದಾರಿ ನನಗೆ ಹೊಳೆದಿರಲಿಲ್ಲ.

ಇದೆಲ್ಲ ಆದ ಮೇಲೆ ಬ್ರೋಷರಿನಲ್ಲಿ ಬರೆದ ವಾಕ್ಯ: "200ರಿಂದ 253 ವೋಲ್ಟ್ ನಡುವೆ ಕೆಲಸ ಮಾಡುತ್ತದೆ, ಅದರ ಹೊರಗೆ ತಾನಾಗಿ ನಿಲ್ಲುತ್ತದೆ. ಮನೆಯಲ್ಲಿ ಇದಕ್ಕಿಂತ ಕಡಿಮೆ ಬರುತ್ತಿದ್ದರೆ ಮೂರು ಕೆವಿಎ ಸ್ಟೆಬಿಲೈಸರ್ ಬೇಕು." ಇದು ಸ್ಪೆಸಿಫಿಕೇಶನ್, ವೇರಿಯಾಕಿನಲ್ಲಿ ಓಡಿಸಿ ನೋಡಿ ಬರೆದದ್ದು. ನೇಮ್ ಪ್ಲೇಟಿನಲ್ಲಿ ಇದರ ಸುಳಿವೂ ಇಲ್ಲ.

ಲ್ಯಾಬಿನಲ್ಲಿ ಡ್ರೈಯರ್ 216.2ರಿಂದ 243.8ರ ನಡುವೆ ಓಡಿತು. ಮೇಲಿನ ಅಂಚಿನಲ್ಲಿ ಹೀಟರುಗಳದ್ದು 2064 ವ್ಯಾಟ್, 286.2 ವೋಲ್ಟಿನಲ್ಲಿ ಆಗುತ್ತಿದ್ದದ್ದಕ್ಕಿಂತ ಸುಮಾರು 780 ಕಡಿಮೆ. ಕಪ್ಪು ಬಣ್ಣ ಬಳಿದ ಪ್ಲೈವುಡ್ಡಿನ ಮೂಲೆಯಲ್ಲಿ ನಿಲ್ಲಿಸಿ, ಗೋಡೆ ಎಷ್ಟು ಕಾಯುತ್ತದೆಂದು ಅಳೆಯುತ್ತಾರೆ. ಹೊತ್ತುಗಟ್ಟಲೆ ಓಡುವ ಉಪಕರಣವಾದರೆ ಆ ಹಲಗೆ ಕೋಣೆಯ ಉಷ್ಣತೆಗಿಂತ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರಕೂಡದು. ಮರದ ಹಲಗೆಗೋಡೆ, ಅಟ್ಟ ಇರುವ ನಮ್ಮ ಹಳೆಯ ಮನೆಗಳಿಗೆ ಇಡೀ ವರದಿಯಲ್ಲಿ ಮುಖ್ಯವಾದ ಸಾಲು ಅದೇ. ಅದರಲ್ಲಿ ಡ್ರೈಯರ್ ಪಾಸಾಯಿತು. ವರದಿ ಬಂತು.

ವರದಿ ಕೈಗೆ ಬಂದದ್ದೇ ಪ್ಲೇಟಿನಲ್ಲಿ ಐಎಸ್‌ಐ ಗುರುತು ಹಾಕಿಸುವ ಮಾತು ಎದ್ದಿತು. ಅದು ಆಗದು. ಪರೀಕ್ಷಾ ವರದಿ ಬೇರೆ, ಭಾರತೀಯ ಮಾನಕ ಬ್ಯೂರೋದ ಲೈಸೆನ್ಸ್ ಬೇರೆ. ಗುರುತಿನ ಮೇಲೆ ಮಾನಕದ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಲೈಸೆನ್ಸ್ ಇಲ್ಲದೆ ಹಾಕಿದರೆ 2016ರ ಕಾಯ್ದೆಯಡಿ ಅಪರಾಧ. ಅದಕ್ಕೆ ಬೇರೆಯೇ ಅರ್ಜಿ, ವರ್ಕ್‌ಶಾಪಿನಲ್ಲೇ ಪರೀಕ್ಷೆಯ ಸಾಮಾನು, ತಪಾಸಣೆ ಎಲ್ಲ ಬೇಕು. ಸದ್ಯಕ್ಕೆ ಅವರು ಅದಕ್ಕೆ ಕೈಹಾಕಿಲ್ಲ.

ಹಳೆಯ ಪ್ಲೇಟ್ ಇದ್ದ ಡ್ರೈಯರುಗಳಿಗೆ ಹೊಸ ಪ್ಲೇಟನ್ನೂ ರಿಲೇಯನ್ನೂ ಮಾಲೀಕರು ತಾವೇ ಹೋಗಿ ಹಾಕಿ ಬರುತ್ತಿದ್ದಾರೆ. ಜೊತೆಗೆ ಕಾಂಟ್ಯಾಕ್ಟರ್ ಬಿಚ್ಚಿ ಬಿಂದುಗಳನ್ನು ನೋಡುತ್ತಾರೆ; "ತಾಳ" ಹಾಕಿದ ಮನೆಯದ್ದು ಕಪ್ಪಗೆ ಗುಳಿಬಿದ್ದಿತ್ತು, ಅದನ್ನು ಬದಲಿಸಿದರು. ಹೊಸ ಆರ್ಡರ್ ಬಂದರೆ ಈಗ ಮೊದಲು ಗಿರಾಕಿಯ ಮನೆಯಲ್ಲಿ ವೋಲ್ಟೇಜ್ ಅಳೆಯುತ್ತಾರೆ, ಸಂಜೆ ಏಳರ ಸುಮಾರಿಗೆ ಒಮ್ಮೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಒಮ್ಮೆ. ಸಂಜೆಯ ಅಳತೆ ಮಾಡುವಾಗ ಮನೆಯ ಗೀಸರ್ ಹಾಕಿಸಿ ನೋಡಬೇಕು ಎಂದು ಹೇಳಿದ್ದೇನೆ. ಲೋಡಿಲ್ಲದೆ ಅಳೆದರೆ ಆ ಲೈನಿನ ನಿಜ ತಿಳಿಯುವುದಿಲ್ಲ.